ಚೆರ್ನೀಲಿನ್ ಮನೆತನದ ನಲವತ್ತು ಮನೆ

ಅಕ್ಟೋಬರ್ 9, ಗುರುವಾರ

ಉಪಕಾರ ನೆನೆದು ಬರೆದ ಕಾಗದ ಓದಿ ನಾಚಿಕೆಪಟ್ಟದ್ದು ನನಗೆ ಇದೇ ಮೊದಲು. ಯಾರ ಮುಂದೆಯೂ ಹೇಳುವಂತಿಲ್ಲ. ಅದಕ್ಕೇ ಮಗಳು ಸೃಷ್ಟಿ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನನಗೆ ನಾನೇ, ಮೊದಲಿನಿಂದ, ಹೇಳಿಕೊಳ್ಳುತ್ತಿದ್ದೇನೆ.

ನಮ್ಮದು ಲಂಡನ್ನಿನ ಕ್ರೋಯ್ಡನ್‌ನಲ್ಲಿ ಬೂಟಿನ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಜನ ತಮ್ಮ ಅಡ್ಡಹೆಸರು ಕಳಿಸುತ್ತಾರೆ. ಅದು ಎಲ್ಲಿಂದ ಬಂತು, ಜಗತ್ತಿನಲ್ಲಿ ಎಷ್ಟು ಮನೆಗಳಿಗೆ ಆ ಹೆಸರಿದೆ ಎಂದು ಒಂದು ಪುಟ ಬರೆದು, ದಪ್ಪ ಕಾಗದದ ಮೇಲೆ ಅಚ್ಚು ಹಾಕಿ, ಚೌಕಟ್ಟು ಕಟ್ಟಿಸಿ ಕಳಿಸುತ್ತೇವೆ. ಯಜಮಾನ ಬೆಂಗಳೂರಿನ ಮಧುಸೂದನ್. ಬರೆಯುವವನು ನಾನು, ಸಂಗಮೇಶ ಸೊಪ್ಪಿನ. ಧಾರವಾಡದಲ್ಲಿ ಹದಿನಾರು ವರ್ಷ ಇತಿಹಾಸ ಕಲಿಸಿ, ಹೆಂಡತಿ ನೀಲಾಂಬಿಕಾಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವಳ ಬೆನ್ನು ಹತ್ತಿ ಬಂದವನು.

ಆಗಸ್ಟಿನಲ್ಲಿ ಒಂದು ರಷ್ಯನ್ ಹೆಸರು ಬಂತು: ಚೆರ್ನೀಲಿನ್. ನಮ್ಮಲ್ಲಿರುವ ಯಾವ ಕೋಶದಲ್ಲೂ ಇಲ್ಲ. ಚೆರ್ನೀಲಾ ಅಂದರೆ ಬರೆಯುವ ಶಾಯಿ ಅನ್ನುವುದಷ್ಟೇ ಸಿಕ್ಕಿತು. ನನಗೆ ಅಷ್ಟು ಸಾಕಾಯಿತು. ನಮ್ಮ ಹಿರಿಯನೊಬ್ಬ ಸೊಪ್ಪು ಮಾರಿದ, ನಾವು ಸೊಪ್ಪಿನ ಆದೆವು. ಬೆಲ್ಲ ಮಾರಿದವರು ಬೆಲ್ಲದ. ಹಾಗಿದ್ದ ಮೇಲೆ ಶಾಯಿಯ ಹೆಸರಿನವರು ಶಾಯಿ ಕಾಸಿದವರೇ ಆಗಿರಬೇಕಲ್ಲ? ಉತ್ತರದ ಒಂದು ನದಿ, ದಂಡೆಯ ಮೇಲೆ ನಕ್ಷೆಯಲ್ಲಿ ಕಂಡ ಒಂದು ಊರು, ಮಠಗಳು, ಮಠದ ಗ್ರಂಥಗಳಿಗೆಂದು ಮಾಚಿಕಾಯಿ ಕುದಿಸಿ ಮುನ್ನೂರು ವರ್ಷ ಶಾಯಿ ಮಾಡಿಕೊಟ್ಟ ಮನೆತನ ಎಂದು ಬರೆದೆ. ಚೆನ್ನಾಗಿಯೇ ಬರೆದೆ, ಹೆಮ್ಮೆಯೂ ಆಯಿತು. ಕೊನೆಗೆ ಮನೆಗಳ ಸಂಖ್ಯೆ. ಅಂಕಿ ತುಂಬದಿದ್ದರೆ ಕಂಪ್ಯೂಟರು ಮುಂದೆ ಬಿಡುವುದಿಲ್ಲ. ನಮ್ಮೂರ ಓಣಿಯಲ್ಲಿ ಸೊಪ್ಪಿನವರ ಮನೆ ನಲವತ್ತು. ಅಡ್ಡಹೆಸರು ಅಂದಮೇಲೆ ಒಂದು ಓಣಿಯಾದರೂ ಇದ್ದೇ ಇರುತ್ತದೆ. ಒಬ್ಬನೇ ಮನುಷ್ಯನಿಗೆ ಒಂದು ಅಡ್ಡಹೆಸರು ಎನ್ನುವುದು ನಮ್ಮ ಕಡೆಯವರ ತಲೆಗೆ ಹೊಳೆಯುವ ಮಾತೇ ಅಲ್ಲ. ನಲವತ್ತು ಎಂದು ಒತ್ತಿ ಚಹಾ ಕುಡಿಯಲು ಹೋದೆ.

ಇವತ್ತಿನ ಕಾಗದ ಆ ಗಿರಾಕಿಯದು. ವಿಕ್ಟರ್ ಚೆರ್ನೀಲಿನ್, ವಯಸ್ಸು ಎಂಬತ್ಮೂರು, ಊರು ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರ್. 'ನನ್ನ ಹೆಂಡತಿ ತೀರಿಕೊಂಡಳು, ಮಕ್ಕಳಿಲ್ಲ. ಈ ಹೆಸರಿನವರು ಇನ್ನೊಬ್ಬರು ಇದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಲವತ್ತು ಮನೆ! ಹುಡುಕಲು ಶುರುಮಾಡಿದ್ದೇನೆ. ಅವರ ವಿಳಾಸಗಳೇನಾದರೂ ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ.'

ಮಧುಸೂದನ್‌ಗೆ ತೋರಿಸಿದೆ. ನಕ್ಕರು.

"ಅವರು ಖುಷಿಯಾಗಿದ್ದಾರೆ ತಾನೆ? ಬಿಟ್ಟಾಕಿ ಸಂಗಮೇಶ್. ಯಾರೂ ರಷ್ಯಾಗೆ ಹೋಗಿ ಚೆಕ್ ಮಾಡಲ್ಲ."

ಸರಿಯೇ ಅನ್ನಿಸಿತು. ಆದರೂ ಕಾಗದವನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ.

ಅಕ್ಟೋಬರ್ 12, ಭಾನುವಾರ

ನೀಲಾಗೆ ಅರ್ಧ ಹೇಳಿದೆ. ಉಳಿದರ್ಧವನ್ನು ಅವಳೇ ತಿಳಿದುಕೊಂಡಳು, ಇಪ್ಪತ್ತೆರಡು ವರ್ಷದ ಸಂಸಾರ.

"ಅಲ್ಲ್ರೀ, ನಲವತ್ತು ಮನಿ ಐತಿ ಅಂತ ಹೇಳೂ ಮುಂದ ಒಂದ ಮನಿನರ ನೋಡಿದ್ರೇನು?"

"ಅಂದಾಜು ಅದು. ಇತಿಹಾಸದಾಗ ಅಂದಾಜು ಇರ್ತೈತಿ."

"ನಮ್ಮ ವಾರ್ಡಿನ್ಯಾಗ ನಾ ಬಿಪಿ ಅಂದಾಜಲೆ ಬರದ್ರ ನಡೀತೈತೇನು?"

ರೊಟ್ಟಿ ತಟ್ಟುತ್ತಲೇ ಇದ್ದಳು. ನಾನು ಶಬ್ದ ಕಡಿಮೆ ಮಾಡಿ ಟಿವಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಗುರುವಾರ ನನಗೆ ಅರ್ಧ ದಿನ. ಎಜ್‌ವೇರ್‌ಗೆ ಹೋಗಿ, ಅಂಕಿ ತಪ್ಪಾಗಿದೆ ಎಂದು ಹೇಳಿ, ಮುಗಿಸಿ ಬರುತ್ತೇನೆ.

ಅಕ್ಟೋಬರ್ 16, ಗುರುವಾರ

ಹೇಳಲಿಲ್ಲ.

ಲಂಡನ್ ಬ್ರಿಡ್ಜ್‌ನಲ್ಲಿ ಬದಲಿಸಿ, ನಾರ್ದರ್ನ್ ಲೈನಿನ ಮೆಟ್ರೋದಲ್ಲಿ ಕೊನೆಯವರೆಗೆ ಕೂತು, ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ. ಮುದುಕ ಬಾಗಿಲು ತೆಗೆದದ್ದೇ ನನ್ನ ಎರಡೂ ಕೈ ಹಿಡಿದುಕೊಂಡ. ಎತ್ತರದ ಆಳು, ಬೆನ್ನು ಬಾಗಿದೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದಾನೆ. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಾನೆ. ಗೋಡೆಯ ಮೇಲೆ ಹೆಂಡತಿಯ ಫೋಟೋದ ಪಕ್ಕಕ್ಕೇ ನಾನು ಬರೆದ ಪುಟ ತೂಗುಹಾಕಿದ್ದಾನೆ.

ಅಜ್ಜ ಹಡಗಿನ ಕೆಲಸಗಾರ. ರಷ್ಯಾದ ಉತ್ತರದ ಬಂದರಿನಿಂದ ಬಂದು ಇಲ್ಲಿ ಇಳಿದವನು, ಹಿಂದಿನದೇನನ್ನೂ ಮನೆಯಲ್ಲಿ ಬಾಯಿ ಬಿಟ್ಟು ಹೇಳಿದವನಲ್ಲ. ವಿಕ್ಟರ್‌ಗೆ ರಷ್ಯನ್ ಬರುವುದಿಲ್ಲ. ಶಾಲೆಯಲ್ಲಿ, ಬಸ್ ಡಿಪೋದಲ್ಲಿ, ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಅಕ್ಷರ ಬಿಡಿಸಿ ಬಿಡಿಸಿ ಹೇಳಿದ ಹೆಸರು.

"ಈಗ ಕೇಳಿದರೆ ಹೇಳುತ್ತೇನೆ, ನಾವು ಶಾಯಿ ಮಾಡುತ್ತಿದ್ದವರು ಅಂತ. ನನ್ನ ಜಿಪಿ ಡಾಕ್ಟರಿಗೂ ಹೇಳಿದೆ" ಎಂದ.

ಮೇಜಿನ ಮೇಲೆ ಕಾಗದಗಳ ರಾಶಿ. ಚರ್ಚುಗಳಿಗೆ, ಗ್ರಂಥಾಲಯಗಳಿಗೆ, ಊರೂರಿನ ಕಚೇರಿಗಳಿಗೆ, ಹೊರದೇಶದ ರಷ್ಯನ್ ಪತ್ರಿಕೆಗಳಿಗೆ ಬರೆದಿದ್ದಾನೆ. ಪ್ರತಿಯೊಂದೂ ಕೈಬರಹ, ಪ್ರತಿಯೊಂದಕ್ಕೂ ನಕಲು. ಅಂಥ ಮೇಜಿನ ಮುಂದೆ ಕೂತು ಹೇಗೆ ಹೇಳುವುದು? ಚಹಾ ಕುಡಿದು, ವಿಳಾಸಗಳು ನಮ್ಮಲ್ಲಿಲ್ಲ ಎಂದಷ್ಟೇ ಹೇಳಿ ಬಂದೆ. ಬಾಗಿಲಲ್ಲಿ, "ಮುಂದಿನ ಗುರುವಾರವೂ ಬರುತ್ತೀರಾ?" ಎಂದು ಕೇಳಿದ. ಹೂಂ ಅಂದೆ. ಬೇರೆ ಏನು ಅನ್ನಲಿ?

ಅಕ್ಟೋಬರ್ 23, ಗುರುವಾರ

ಎಜ್‌ವೇರ್. ಹೇಳಲಿಲ್ಲ. ಮಳೆ.

ನವೆಂಬರ್ 6, ಗುರುವಾರ

ಒಂದು ಸುಳ್ಳು ತಾನಾಗಿ ಸುಮ್ಮನೆ ಕೂರುವುದಿಲ್ಲ, ಸಂಗಡಿಗರನ್ನು ಕರೆಯುತ್ತದೆ.

ಯಾರಿಂದಲೂ ಉತ್ತರ ಬರುತ್ತಿಲ್ಲವೆಂದು ವಿಕ್ಟರ್ ಸಪ್ಪಗಾಗಿದ್ದರು. "ನಲವತ್ತು ಮನೆಯಲ್ಲಿ ಒಬ್ಬರಿಗಾದರೂ ಬರೆಯಬೇಕು ಅನ್ನಿಸಬಾರದೆ? ಊರು ಬಿಟ್ಟು ಹೋದವನ ಮೊಮ್ಮಗ ಅಂತ ಸಿಟ್ಟೇನೋ." ಯುದ್ಧದ ಗದ್ದಲದಲ್ಲಿ ಅಂಚೆ ಸರಿಯಾಗಿಲ್ಲ, ತಡವಾಗುತ್ತದೆ, ಅಂದೆ. ಅವರ ಮುಖ ತಿಳಿಯಾಯಿತು. ಇಲ್ಲದ ಜನರ ಮೇಲೆ ಅವರಿಗಿದ್ದ ಬೇಸರ ಹೋಯಿತು, ನನ್ನ ಮೇಲೆ ನನಗಿದ್ದದ್ದು ಎರಡು ಪಟ್ಟಾಯಿತು.

ಅವರಿಗೆ ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಉದುರಿಸಿಕೊಂಡು ತಿಂದರು. ಮತ್ತಷ್ಟು ಬೇಕಂತೆ. ಅಜ್ಜನ ಹಡಗಿನ ಕೆಲಸದ ಪುಸ್ತಕ ತೋರಿಸಿದರು, ಪೂರಾ ರಷ್ಯನ್. ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಸುಳ್ಳನ್ನೇ ನಿಜಮಾಡಿಬಿಡಬಹುದೇನೋ ಎಂಬ ಆಸೆ ನನ್ನದು. ನಿಜವಾಗಿಯೂ ನಲವತ್ತು ಮನೆ ಸಿಕ್ಕಿಬಿಟ್ಟರೆ?

ನವೆಂಬರ್ 15, ಶನಿವಾರ

ರಾಜ್ಯೋತ್ಸವದ ಊಟದಲ್ಲಿ ಡಾಕ್ಟರ್ ಶಾಂತಪ್ಪ ಸಿಕ್ಕರು. ಕಲಬುರಗಿಯವರು, ಎಂಬತ್ತರ ದಶಕದಲ್ಲಿ ರಷ್ಯಾದಲ್ಲಿ ವೈದ್ಯಕೀಯ ಓದಿದವರು, ಈಗ ನಿವೃತ್ತರು. ಹೋಳಿಗೆಯ ಸಾಲಿನಲ್ಲಿ ನಿಂತೇ ಫೋನು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಭಾಳ ಹಳೀ ಕೈಬರಹ ಅದಾ. ನನಗ ಕಳಸ್ರಿ, ನೋಡ್ತೀನಿ. ಯಾರ ಪೈಕಿ ಇವರು?"

ಯಾರ ಪೈಕಿ ಎನ್ನುವುದೇ ಪ್ರಶ್ನೆ ಡಾಕ್ಟ್ರೇ, ಅಂದೆ. ಅವರು ನಕ್ಕರು.

ನವೆಂಬರ್ 29, ಶನಿವಾರ

ಶಾಂತಪ್ಪನವರ ಮನೆಗೆ ಹೋಗಿದ್ದೆ. ಎರಡು ವಾರ ಕೂತು ಹುಡುಕಿದ್ದಾರೆ, ಪುಣ್ಯಾತ್ಮ. ಹಡಗಿನ ಪುಸ್ತಕದಲ್ಲೇ ಬರೆದಿತ್ತಂತೆ, ಅನಾಥಾಲಯದಲ್ಲಿ ಬೆಳೆದವನು ಎಂದು. ಆ ಬಂದರಿನ ಊರಿನ ಹಳೆಯ ದಾಖಲೆಗಳನ್ನು ಯಾರೋ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಅದರೊಳಗೆ ಆ ಪುಟ ಸಿಕ್ಕಿದೆ. 1886ರ ಮಾರ್ಚಿನ ಒಂದು ದಿನ, ಹೆತ್ತವರು ಗೊತ್ತಿಲ್ಲದ ನಾಲ್ಕು ಕೂಸುಗಳನ್ನು ದಾಖಲು ಮಾಡಿದ್ದಾರೆ. ಕೂಸಿಗೆ ಅಡ್ಡಹೆಸರು ಬೇಕಲ್ಲ. ಒಂದಕ್ಕೆ ಕುರ್ಚಿಯ ಹೆಸರು, ಒಂದಕ್ಕೆ ಮೇಣದಬತ್ತಿಯದು, ಒಂದಕ್ಕೆ ಕಿಟಕಿಯದು, ನಾಲ್ಕನೆಯದಕ್ಕೆ ಶಾಯಿಯದು.

"ತಿಳೀತೇನ್ರಿ?" ಎಂದರು ಶಾಂತಪ್ಪ. "ಗುಮಾಸ್ತ ತನ್ನ ಮೇಜಿನ ಸುತ್ತಮುತ್ತ ಏನ್ ಕಂಡದ ಅದನ್ನ ಇಟ್ಟಾನ. ಕೂತಲ್ಲೇ ಹುಟ್ಟಿಸಿದ ಹೆಸರು. ಎಲ್ಲಾ ಕಡೆ ಹುಡುಕೀನಿ, ಈ ಹೆಸರಿನವರು ಇನ್ನೊಬ್ಬರಿಲ್ಲ. ಇದ್ದವರು ಅವರೊಬ್ಬರೇ."

ಅವರ ಹೆಂಡತಿ ಉಪ್ಪಿಟ್ಟು ತಂದಿಟ್ಟರು. ತಟ್ಟೆ ಪಕ್ಕಕ್ಕೆ ಸರಿಸಿ ಆ ಪುಟವನ್ನೇ ನೋಡಿದೆ. ಸಿಂದಗಿಯ ಕಡೆಯ ನಮ್ಮ ಓಣಿಯ ನಲವತ್ತು ಮನೆ ಎತ್ತಿ ಆ ಮನುಷ್ಯನ ಕಣ್ಣ ಮುಂದೆ ಇಟ್ಟಿದ್ದೇನೆ ನಾನು. ಅವರು ಆ ಬಾಗಿಲುಗಳನ್ನು ಬಡಿಯುತ್ತಾ ಕೂತಿದ್ದಾರೆ.

"ಅವರಿಗೆ ಹೇಳಬ್ಯಾಡ್ರಿ" ಎಂದರು ಶಾಂತಪ್ಪ, ಗೇಟಿನವರೆಗೆ ಬಂದು. "ಉಸಿರಿನ ರೋಗ ಅಂತೀರಿ. ಹೀಂಗೇ ಹೋಗ್ಲಿ ಬಿಡ್ರಿ."

ಡಾಕ್ಟರೇ ಹೇಳಿದ ಮೇಲೆ ಮುಗಿಯಿತು ಎಂದು ರೈಲಿನಲ್ಲಿ ಅಂದುಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಆ ಸಮಾಧಾನ ಹೋಗಿತ್ತು.

ಡಿಸೆಂಬರ್ 9, ಮಂಗಳವಾರ

ಮಧುಸೂದನ್ ಕರೆದು ಕೂರಿಸಿದರು. ಈ ತಿಂಗಳು ನಾನು ಬರೆದ ನಾಲ್ಕು ಪುಟಗಳಲ್ಲಿ 'ಈ ಹೆಸರಿನ ಮೂಲ ನಮಗೆ ತಿಳಿಯಲಿಲ್ಲ' ಎಂದಿದೆಯಂತೆ.

"ಗೊತ್ತಿಲ್ಲ ಅಂತ ಬರೆದು ಫ್ರೇಮ್ ಹಾಕಿ ಕಳ್ಸೋಕಾಗತ್ತಾ? ನೀವು ಎಷ್ಟು ಚೆನ್ನಾಗಿ ಬರೀತಿದ್ರಿ. ಏನಾಗಿದೆ ನಿಮಗೆ?"

ಏನೂ ಆಗಿಲ್ಲ. ಚಳಿಗೆ ಸ್ವಲ್ಪ ದಣಿವು, ಅಷ್ಟೇ.

ಡಿಸೆಂಬರ್ 18, ಗುರುವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತಿದೆ. ಬರೆಯದಿದ್ದರೆ ಇನ್ನೂ ಕಷ್ಟ.

ವಿಕ್ಟರ್ ಒಂದು ಪಾರ್ಸೆಲ್ ಕಟ್ಟಿ ಇಟ್ಟಿದ್ದರು. ಅಜ್ಜನ ಹಡಗಿನ ಪುಸ್ತಕ, ಅಪ್ಪನ ಕಾಗದಗಳು, ಅಜ್ಜನದೆಂದು ಇರುವ ಒಂದೇ ಒಂದು ಫೋಟೋ. ಮೇಲೆ ವಿಳಾಸ: ನಾನು ಆ ಪುಟದಲ್ಲಿ ಬರೆದ ನದಿ ದಂಡೆಯ ಊರಿನ ಹೆಸರು, 'ಚೆರ್ನೀಲಿನ್ ಮನೆತನದ ಹಿರಿಯರಿಗೆ'.

"ಶ್ವಾಸಕೋಶದ ಡಾಕ್ಟರು ಬೇಸಿಗೆಯ ಮಾತೇ ಎತ್ತುತ್ತಿಲ್ಲ. ನಾನು ಹೋದ ಮೇಲೆ ಮನೆ ಕೊಟ್ಟಿರುವ ಕೌನ್ಸಿಲಿನವರು ಬಂದು ಖಾಲಿ ಮಾಡುತ್ತಾರೆ, ಇದೆಲ್ಲ ಕಸದ ಚೀಲಕ್ಕೆ ಹೋಗುತ್ತದೆ. ಮನೆಯವರ ಹತ್ತಿರ ಹೋಗಲಿ. ಯಾರಾದರೂ ಒಬ್ಬರು ಗೋಡೆಗೆ ಹಾಕಿಕೊಳ್ಳಲಿ."

ಮೆಟ್ಟಿಲು ಇಳಿದು ಅಂಚೆ ಕಚೇರಿಗೆ ಹೋಗುವ ಶಕ್ತಿ ಅವರಿಗಿಲ್ಲ. ಪಾರ್ಸೆಲ್ ಆ ಊರಿಗೆ ಹೋದರೆ ಆ ಫೋಟೋ ಯಾರ ಕೈಗೂ ಸಿಗದೆ ಹಾಳಾಗುತ್ತದೆ. ಬಾಯಿ ಬಿಡಬೇಕಿತ್ತು. ನಾನು ಮಾಡಿದ್ದೇನು? "ಕೊಡಿ, ನಾನು ಹಾಕುತ್ತೇನೆ" ಎಂದು ಇಸಿದುಕೊಂಡೆ. ಅವರು ಎದ್ದು ನಿಂತು ಕೈ ಕುಲುಕಿದರು.

ಪಾರ್ಸೆಲ್ ಈಗ ಕ್ರೋಯ್ಡನ್‌ನಲ್ಲಿ, ನಮ್ಮ ಫ್ಲ್ಯಾಟಿನ ಕಪಾಟಿನಲ್ಲಿ, ಚಳಿಯ ರಗ್ಗುಗಳ ಹಿಂದೆ ಇದೆ. ನಾನು ಹೇಡಿ.

ಜನವರಿ 8, ಗುರುವಾರ

"ತಲುಪಿರಬಹುದೇ?"

"ಇನ್ನೂ ಸ್ವಲ್ಪ ದಿನ."

ಈಗ ಕಿಟಕಿಯ ಹತ್ತಿರವೇ ಹಾಸಿಗೆ ಹಾಕಿಸಿಕೊಂಡಿದ್ದಾರೆ, ಪೋಸ್ಟ್‌ಮನ್ ಬರುವುದು ಕಾಣಲಿ ಎಂದು. ನಾನು ಗಂಜಿ ಮಾಡಿಕೊಟ್ಟು, ಆಕ್ಸಿಜನ್ನಿನ ನಳಿಕೆ ಸರಿಮಾಡಿ, ಗುಳಿಗೆಗಳನ್ನು ವಾರದ ಡಬ್ಬಿಗೆ ತುಂಬಿ ಬಂದೆ. ನೀಲಾ ಇತ್ತೀಚೆಗೆ ಬುಧವಾರವೇ ಚಟ್ನಿಪುಡಿ ಕಟ್ಟಿಡುತ್ತಾಳೆ. "ನಾಳೆ ನಿಮ್ಮ ಕಾಕಾನ ಕಡೆ ಹೋಗೂದೈತಲ್ಲ" ಎಂದು ಕಾಡುತ್ತಾಳೆ. ಕಾಡಲಿ.

ಜನವರಿ 17, ಶನಿವಾರ

ಸೃಷ್ಟಿ ರಗ್ಗು ತೆಗೆಯಲು ಹೋಗಿ ಪಾರ್ಸೆಲ್ ಕೈಯಲ್ಲಿ ಹಿಡಿದು ಹಾಲಿಗೆ ಬಂದಳು. ಹದಿನೇಳು ವರ್ಷದವಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಅಪ್ಪಾ, ವೈ ಈಸ್ ದಿಸ್ ಸ್ಟಿಲ್ ಹಿಯರ್?"

ಹೇಳಿದೆ. ನಲವತ್ತು ಮನೆ, ಗುಮಾಸ್ತ, ಮೇಜು, ಎಲ್ಲ. ನೀಲಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪಾರ್ಸೆಲ್ಲಿನ ವಿಳಾಸವನ್ನೇ ನೋಡುತ್ತಾ ನಿಂತಳು. ಆಮೇಲೆ ಕನ್ನಡದಲ್ಲಿ, ತಡವರಿಸುತ್ತಾ, "ಅವರು ಕಾಯ್ತಿದಾರಲ್ಲ, ಅಪ್ಪಾ" ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

ಜನವರಿ 22, ಗುರುವಾರ

ಹೇಳಿದೆ.

ಪಾರ್ಸೆಲ್ ಅವರ ಮಡಿಲಲ್ಲಿ ಇಟ್ಟು, ನಿಂತುಕೊಂಡೇ ಹೇಳಿದೆ. ಕೂತರೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು. ಶಾಂತಪ್ಪ ಕೊಟ್ಟ ಪುಟವನ್ನೂ, ಅದರ ಇಂಗ್ಲಿಷ್ ಅನುವಾದವನ್ನೂ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಕಿಟಕಿ ಅಂತ ಇಟ್ಟಿದ್ದರೆ ನಾನು ಕಿಟಕಿ ಆಗುತ್ತಿದ್ದೆ" ಎಂದರು.

ಪುಟವನ್ನು ಮಡಚಿ ಪಾರ್ಸೆಲ್ಲಿನ ಮೇಲೆ ಇಟ್ಟರು.

"ಹಾಗಾದರೆ ನಾನೊಬ್ಬನೇ."

"ಹೌದು."

"ನಲವತ್ತು ಎಲ್ಲಿಂದ ಬಂತು?"

"ನಮ್ಮ ಓಣಿಯಿಂದ. ನಮ್ಮ ಹೆಸರಿನವರು ಅಷ್ಟು ಮನೆ ಇದ್ದಾರೆ."

ಉಸಿರು ಎಳೆದುಕೊಂಡರು. ನಳಿಕೆ ಸರಿಮಾಡಲು ನಾನು ಬಾಗಿದ್ದಕ್ಕೆ ಕೈ ಅಡ್ಡ ಹಿಡಿದರು.

"ಅಂದರೆ ನಾನು ಇಷ್ಟು ದಿನ ನಿಮ್ಮ ಓಣಿಗೆ ಕಾಗದ ಬರೆದೆ. ಅವರು ಸಿಟ್ಟಾಗಿದ್ದಾರೆ ಅಂತ ಕ್ಷಮೆ ಕೇಳಿ ಬೇರೆ ಬರೆದೆ, ಗೊತ್ತೇ ನಿಮಗೆ? ನನ್ನ ಅಜ್ಜ ಬಿಟ್ಟು ಬಂದದ್ದಕ್ಕೆ ನಾನು ಕ್ಷಮೆ ಕೇಳಿದೆ."

ಕ್ಷಮಿಸಿ ಅಂದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಸಣ್ಣದಾಗಿ ಬಂತೆಂದರೆ ನನಗೇ ಅಸಹ್ಯವಾಯಿತು. ಗೋಡೆಯ ಮೇಲಿನ ಚೌಕಟ್ಟನ್ನು ತೆಗೆದು ಒಯ್ಯಲು ಹೇಳಿದರು. ತೆಗೆದುಕೊಂಡೆ. ಇನ್ನು ಬರಬೇಡಿ ಅಂದರು. ಬಂದೆ.

ಹೇಳಿದರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ನನ್ನ ಎದೆಯ ಭಾರವನ್ನು ಅವರ ಎದೆಯ ಮೇಲೆ ಇಟ್ಟು ಬಂದೆನೇನೋ. ಉಸಿರಿಲ್ಲದ ಎದೆ.

ಜನವರಿ 29, ಗುರುವಾರ

ಹೋಗಲಿಲ್ಲ. ಮಧ್ಯಾಹ್ನ ಈಸ್ಟ್ ಕ್ರೋಯ್ಡನ್ ನಿಲ್ದಾಣದವರೆಗೆ ನಡೆದು ವಾಪಸು ಬಂದೆ.

ಫೆಬ್ರವರಿ 2, ಸೋಮವಾರ

ಕೆಲಸ ಬಿಡುತ್ತೇನೆಂದು ಮಧುಸೂದನ್‌ಗೆ ಹೇಳಿದೆ. ಪಾರ್ಕ್ ರಾಯಲ್‌ನಲ್ಲಿ ತಿಂಡಿ ಪ್ಯಾಕ್ ಮಾಡುವ ಒಂದು ಕಡೆ ಆಳು ಬೇಕಂತೆ, ನೀಲಾಳ ಗೆಳತಿ ಹೇಳಿದಳು. ಗುರುವಾರ ರಜೆ ಕೊಡುತ್ತಾರೋ ಎಂದೇ ನಾನು ಮೊದಲು ಕೇಳಿದ್ದು. ಈಗ ಗುರುವಾರ ರಜೆ ತಗೊಂಡು ಏನು ಮಾಡುತ್ತೇನೆ, ಗೊತ್ತಿಲ್ಲ.

ಫೆಬ್ರವರಿ 5, ಗುರುವಾರ

ಹೋಗಲಿಲ್ಲ. ಗುಳಿಗೆ ಡಬ್ಬಿ ಯಾರು ತುಂಬಿದರೋ.

ಫೆಬ್ರವರಿ 12, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಫೋನು. ನಮಸ್ಕಾರವಿಲ್ಲ, ಏನಿಲ್ಲ.

"ಇವತ್ತು ಗುರುವಾರ. ಪೆನ್ನು ತಗೊಂಡು ಬಾ."

ಲಂಡನ್ ಬ್ರಿಡ್ಜ್‌ನಲ್ಲಿ ಓಡಿದೆ. ಐವತ್ತೊಂದು ವರ್ಷಕ್ಕೆ ಯಾರೂ ಓಡಬಾರದು.

ವಿಕ್ಟರ್ ಕಾಕಾ ಇಳಿದುಹೋಗಿದ್ದಾರೆ. ಕುತ್ತಿಗೆಯ ಎಲುಬು ಕಾಣುತ್ತದೆ. ಹಾಸಿಗೆಯ ಪಕ್ಕಕ್ಕೆ ಮೇಜು ಎಳೆಸಿ, ಅದರ ಮೇಲೆ ಆ ಎಲ್ಲ ಕಾಗದಗಳ ನಕಲು ಜೋಡಿಸಿ ಇಡಿಸಿದ್ದರು. ನೂರ ಹನ್ನೆರಡು. ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

"ಕಳೆದ ವಾರ ಒಂದು ಉತ್ತರ ಬಂತು" ಎಂದರು. "ಯಾವುದೋ ಗ್ರಂಥಾಲಯದ ಹೆಂಗಸು. ರಜೆಯ ದಿನವೂ ಬಂದು ಹಳೇ ಪುಸ್ತಕ ತಿರುವಿ ಹಾಕುತ್ತಿದ್ದಾಳಂತೆ, ಸಿಕ್ಕೇ ಸಿಗುತ್ತಾರೆ, ಧೈರ್ಯವಾಗಿರಿ ಅಂತ ಬರೆದಿದ್ದಾಳೆ. ಪಾಪ. ಇನ್ನೂ ಎಷ್ಟು ಜನ ಹಾಗೆ ಹುಡುಕುತ್ತಾ ಕೂತಿದ್ದಾರೋ. ನಿಲ್ಲಿಸಲು ಹೇಳು. ಒಬ್ಬೊಬ್ಬರಿಗೂ ಬರೆ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ನಿನ್ನ ಹೆಸರು ಹಾಕಿ ಬರೆ. ಟೈಪ್ ಮಾಡಬೇಡ. ನಾನು ಕೈಯಲ್ಲಿ ಬರೆದಿದ್ದೇನೆ."

ಮೊದಲ ಕಾಗದ ಗ್ರಂಥಾಲಯದ ಆ ಹೆಂಗಸಿಗೆ. ಸಂಗಮೇಶ ಸೊಪ್ಪಿನ ಎಂಬ ನಾನು, ತಿಳಿಯದ್ದನ್ನು ತಿಳಿದಂತೆ ಬರೆದೆ, ನೀವು ಹುಡುಕುತ್ತಿರುವ ನಲವತ್ತು ಮನೆ ಎಲ್ಲಿಯೂ ಇಲ್ಲ, ನಿಮ್ಮ ರಜೆಯ ದಿನಗಳನ್ನು ಹಾಳುಮಾಡಿದ್ದಕ್ಕೆ ಕ್ಷಮಿಸಿ. ಕಾಕಾ ಇಸಿದುಕೊಂಡು ಓದಿದರು. ಎರಡನೆಯದನ್ನೂ ಓದಿದರು. ನಾಲ್ಕನೆಯದರಲ್ಲಿ ಅಕ್ಷರ ಕೆಟ್ಟಿದೆ ಎಂದು ವಾಪಸು ಕೊಟ್ಟರು. ನಡುವೆ ಬ್ರೆಡ್ಡು, ಚಟ್ನಿಪುಡಿ. ಒಂದು ಸಲ ಕೆಮ್ಮು ಬಂದು ಬಹಳ ಹೊತ್ತು ನಿಲ್ಲಲೇ ಇಲ್ಲ. ನಾನು ಬೆನ್ನು ಹಿಡಿದುಕೊಂಡಿದ್ದೆ, ಈ ಸಲ ಕೈ ಅಡ್ಡ ತರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಒಂಬತ್ತು ಕಾಗದ ಆಗಿದ್ದವು. ಕಾಕಾ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

"ವಾರಕ್ಕೆ ಒಂಬತ್ತು ಅಂದರೆ ಮೇ ತಿಂಗಳು ಮುಟ್ಟುತ್ತದೆ. ಎಲ್ಲವನ್ನೂ ಓದದೆ ನಾನು ಸಾಯುವ ಹಾಗಿಲ್ಲ. ನಿನ್ನನ್ನು ನಂಬಿ ಬಿಟ್ಟು ಹೋಗಲು ಆಗುತ್ತದೆಯೇ?"

ನಕ್ಕರು. ನನಗೂ ನಗು ಬಂತು, ಕಣ್ಣೀರೂ ಬಂತು, ಮುಚ್ಚಿಡಲಿಲ್ಲ.

ಈಗ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಗುರುವಾರ ಐದಕ್ಕಿಂತ ಹೆಚ್ಚು ಬರೆಯಬಾರದು. ಕೈ ನೋಯುತ್ತದೆ ಎಂದು ಹೇಳಿದರಾಯಿತು.